ಕಣ್ಣಂದಾಜು ಮತ್ತು ಜೋಡಿ ಸಂಖ್ಯೆಗಳು

ಕೃಷ್ಣಗಿರಿ ಸೀಮೆಯಲ್ಲಿ ಮಾವಿನ ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆಗೆ ಕೊಡುವ ರೂಢಿಯಿದೆ. ಕೊಳ್ಳುವವರು ಕಾಯಿಗಳನ್ನು ಎಣಿಸುವುದಿಲ್ಲ. ಮರ ನೋಡಿ ಬೆಲೆ ಕಟ್ಟುತ್ತಾರೆ. ಬೆಳೆಗಾರನ ವರ್ಷದ ಆದಾಯ ಆ ಕಣ್ಣಂದಾಜಿನ ಮೇಲೆ ನಿಲ್ಲುತ್ತದೆ.

1871ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಪೆಟ್ಟಿಗೆಯೊಳಕ್ಕೆ ಕಾಳುಗಳನ್ನು ಎಸೆದು, ಕಂಡೊಡನೆ ಸಂಖ್ಯೆ ಹೇಳುವ ಪ್ರಯೋಗವನ್ನು ತನ್ನ ಮೇಲೆಯೇ ನಡೆಸಿದ. ನಾಲ್ಕರವರೆಗೆ ತಪ್ಪಲಿಲ್ಲ, ಐದರಿಂದ ತಪ್ಪು ತೊಡಗಿ, ಸಂಖ್ಯೆಯೊಡನೆ ಬೆಳೆಯಿತು. ಕಣ್ಣು ಗುರುತಿಸುವುದು ಅನುಪಾತವನ್ನು: ಹತ್ತು–ಇಪ್ಪತ್ತರ ಭೇದ ಥಟ್ಟನೆ ತಿಳಿಯುತ್ತದೆ, ನೂರು–ನೂರಹತ್ತರದು ತಿಳಿಯದು.

ನಮ್ಮ ಮಾತು ಇದನ್ನು ಬಲ್ಲದು. ‘ಐದಾರು’ ಎನ್ನುವಲ್ಲಿ ಅಂತರ ಒಂದು. ‘ಹತ್ತು ಹನ್ನೆರಡು’ ಎನ್ನುವಲ್ಲಿ ಎರಡು. ‘ನೂರಿನ್ನೂರು’ ಎನ್ನುವಲ್ಲಿ ನೂರು. ಗುಂಪು ನೋಡಿ ‘ನೂರಾ ಒಂದೋ ನೂರಾ ಎರಡೋ’ ಎಂದು ಯಾರೂ ಅಂದಾಜಿಸುವುದಿಲ್ಲ. ಮೇಲಾಗಿ, ‘ಹತ್ತು ಹನ್ನೆರಡು’ ಬಿಟ್ಟು ‘ಹತ್ತಿಪ್ಪತ್ತು’ ಎಂದವರು ತಮ್ಮ ಖಾತ್ರಿ ಎಷ್ಟೆಂಬುದನ್ನೂ ಹೇಳಿರುತ್ತಾರೆ. ತಮಿಳಿನ ‘ಐಂದಾರು’, ತೆಲುಗಿನ ‘ಐದಾರು’ ಇದೇ ಕಟ್ಟಿನವು; ಹೊಸೂರಿನಂಥ ಮೂರು ನುಡಿಗಳ ಊರಿನಲ್ಲಿ ಅಂದಾಜಿಗೆ ಅನುವಾದ ಬೇಕಿಲ್ಲ.

ಇವನ್ನು ಬರೀ ಅನಿಶ್ಚಿತ ಪದಗಳೆನ್ನುವುದು ನನಗೆ ಒಪ್ಪಿಗೆಯಿಲ್ಲ. ಸಮೀಕ್ಷೆಯ ನಮೂನೆಯಲ್ಲಿ ‘ಹತ್ತಿಪ್ಪತ್ತು’ ಎಂಬ ಉತ್ತರವನ್ನು 15 ಎಂದು ಬರೆದುಕೊಂಡರೆ, ಹೇಳಿದವರು ಸೂಚಿಸಿದ ಅಂದಾಜಿನ ಅಗಲವೇ ಅಳಿಸಿಹೋಗುತ್ತದೆ.