ಹೊಲ ನಮ್ಮದು, ಉತಾರ ಬೇರೆಯವರದು!

ಶಲವಡಿಯ ನಮ್ಮ ಮನೆಯ ಕಂಪ್ಯೂಟರಿಗೆ, ಹಳೆಯ ಕಡತ ಅಳಿಸದೆ, ವಿಂಡೋಸ್ ಹೊಸದಾಗಿ ಹಾಕಿಸಿದೆವು. ಪರೀಕ್ಷೆಗೆ ವಾರವಿರುವಾಗ ಮಗಳ ಟಿಪ್ಪಣಿಗಳ ಫೋಲ್ಡರು ತೆರೆಯಲಿಲ್ಲ. ಜಾಲದಲ್ಲಿದ್ದ ಲ್ಯಾಪ್‌ಟಾಪಿನಿಂದಲೂ ಇಲ್ಲ. ಹೆಸರು, ಪಾಸ್‌ವರ್ಡ್ ಮಾತ್ರ ಹಳೆಯವೇ!

ಕಾರಣ ಸರಳ. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್ ಕಡತವ್ಯವಸ್ಥೆ ಹೆಸರನ್ನಲ್ಲ, ಖಾತೆಯ ಗುರುತಿನ ಸಂಖ್ಯೆಯನ್ನು ನೋಡುತ್ತದೆ. ಹೊಸ ವಿಂಡೋಸಿನ ಖಾತೆಗೆ ಹೊಸ ಸಂಖ್ಯೆ. ಹೊಲ ನಮ್ಮದಾದರೂ ಉತಾರದಲ್ಲಿ ಬೇರೆ ಹೆಸರಿದ್ದಂತೆ.

ಫೋಲ್ಡರಿರುವ ಕಂಪ್ಯೂಟರಿನಲ್ಲೇ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್ ತೆರೆಯಿರಿ. ಮೊದಲು ಓನರ್ ಬದಲಿಸಿ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸಿ; ಆಮೇಲೆ ಫುಲ್ ಕಂಟ್ರೋಲ್ ಕೊಡಿ. ಜಾಲದಿಂದ ಬರುವವರಿಗೆ ಶೇರಿಂಗ್ ಅನುಮತಿಯೂ ಬೇಕು. ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ.

ಮಗಳ ಟಿಪ್ಪಣಿಗಳು ಸಿಕ್ಕವು. ಆದರೆ ಎನ್‌ಕ್ರಿಪ್ಟ್ ಮಾಡಿದ ಕಡತಕ್ಕೆ ಈ ಉಪಾಯ ನಡೆಯದು. ಕೀಲಿ ಹೋದರೆ ಕಡತವೂ ಹೋದಂತೆ. ವಿಂಡೋಸ್ ಬದಲಿಸುವ ಮೊದಲೇ ಪ್ರತಿ ತೆಗೆದಿಡಿ.