ಅಧ್ಯಾಯ 5: ಯಾರ ಕಿಡ್ನಿ ಯಾರಿಗೆ ಒಗ್ಗುತ್ತದೆ?

ಇಬ್ಬರು ಮಕ್ಕಳ ತಾಯಿಯೊಬ್ಬರ ಎರಡೂ ಕಿಡ್ನಿಗಳು ಸೋತಿವೆ ಎಂದುಕೊಳ್ಳಿ. ತಮ್ಮದೊಂದು ಕಿಡ್ನಿ ಕೊಡಲು ಗಂಡ ಸಿದ್ಧರಿದ್ದಾರೆ. ಇಬ್ಬರದೂ ಒಂದೇ ರಕ್ತದ ಗುಂಪು, ಗಂಡನ ಆರೋಗ್ಯವೂ ಗಟ್ಟಿ. ಆದರೂ ಪ್ರಯೋಗಾಲಯದ ವರದಿ ನೋಡಿದ ವೈದ್ಯರು, ‘ಇವರ ಕಿಡ್ನಿ ನಿಮಗೆ ಹಾಕುವ ಹಾಗಿಲ್ಲ’ ಎನ್ನುತ್ತಾರೆ. ಎಷ್ಟೋ ವರ್ಷಗಳ ಹಿಂದಿನ ಬಸಿರಿನ ಕಾಲದಲ್ಲಿ ಆಕೆಯ ದೇಹ ಗಂಡನ ಜೀವಕೋಶಗಳ ಗುರುತುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಂಡಿದೆ. ಕಸಿ ಕೇಂದ್ರಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ರಕ್ತದ ಗುಂಪು ಕೂಡಿದರೆ ಕಿಡ್ನಿ ಕೂಡಿದಂತೆ ಎಂಬ ನಂಬಿಕೆ ಏಕೆ ಸಾಲದು ಎಂಬುದನ್ನು ತಿಳಿಯಲು ರೋಗನಿರೋಧಕ ವ್ಯವಸ್ಥೆಯ ವಂಶವಾಹಿಗಳ ಕಡೆ ನೋಡಬೇಕು.

ಆರನೆಯ ವರ್ಣತಂತುವಿನ ಗುರುತುಗಳು

ನಮ್ಮ ಆರನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪೊಂದಿದೆ. ಕಿಡ್ನಿ ಕಸಿಯಲ್ಲಿ ಮೊದಲು ನೋಡುವುದು ಇದರ ಎ, ಬಿ ಮತ್ತು ಡಿಆರ್ ಎಂಬ ಮೂರನ್ನು. ಸಿ, ಡಿಕ್ಯೂ, ಡಿಪಿಗಳನ್ನೂ ಈಗ ಪರೀಕ್ಷಿಸುತ್ತಾರೆ. ಇವುಗಳಿಂದ ತಯಾರಾಗುವ ಪ್ರೋಟೀನುಗಳು ಜೀವಕೋಶದ ಹೊರಮೈಯಲ್ಲಿ ನಿಲ್ಲುತ್ತವೆ. ಮಂಡಿಯಲ್ಲಿ ಮೂಟೆಗೆ ಚುಚ್ಚಿ ಹಿಡಿ ಅಕ್ಕಿ ಹೊರತೆಗೆದು ತೋರಿಸುವ ಹಾಗೆ, ಜೀವಕೋಶದೊಳಗಿನ ಪ್ರೋಟೀನಿನ ಚೂರುಗಳನ್ನು ಇವು ಹೊರಗೆ ಎತ್ತಿ ಹಿಡಿಯುತ್ತವೆ. ರಕ್ತದಲ್ಲಿ ತಿರುಗಾಡುವ ಟಿ ಕೋಶಗಳು ಅವನ್ನು ಪರೀಕ್ಷಿಸುತ್ತವೆ. ಚೂರು ವೈರಸ್ಸಿನದಾದರೆ ಆ ಜೀವಕೋಶವನ್ನು ಕೊಲ್ಲುತ್ತವೆ.

ಜಗತ್ತಿನಲ್ಲಿ ಎಚ್‌ಎಲ್‌ಎ ವಂಶವಾಹಿಗಳ 30 ಸಾವಿರಕ್ಕೂ ಹೆಚ್ಚು ರೂಪಗಳನ್ನು ಗುರುತಿಸಿದ್ದಾರೆ. ಈ ವೈವಿಧ್ಯ ಸಮುದಾಯವನ್ನು ಕಾಪಾಡುತ್ತದೆ: ಒಬ್ಬರ ಎಚ್‌ಎಲ್‌ಎ ಹಿಡಿಯಲಾರದ ರೋಗಾಣುವಿನ ಚೂರನ್ನು ಇನ್ನೊಬ್ಬರದು ಹಿಡಿಯುತ್ತದೆ. ಆದರೆ ಇದೇ ವೈವಿಧ್ಯ ಕಸಿಗೆ ಅಡ್ಡಿ. ಬೇರೆಯವರ ಕಿಡ್ನಿಯ ಮೇಲಿನ ಎಚ್‌ಎಲ್‌ಎ ನಮ್ಮ ಟಿ ಕೋಶಗಳ ಕಣ್ಣಿಗೆ ಪರಕೀಯ.

ಪ್ರತಿಯೊಬ್ಬರಿಗೂ ಇವು ತಂದೆಯಿಂದ ಒಂದು ಕಂತೆ, ತಾಯಿಯಿಂದ ಒಂದು ಕಂತೆಯಾಗಿ ಬರುತ್ತವೆ. ಹೀಗಾಗಿ ತಂದೆ ಅಥವಾ ತಾಯಿಯ ಕಿಡ್ನಿ ಮಗುವಿಗೆ ಕನಿಷ್ಠ ಅರ್ಧ ಹೊಂದುತ್ತದೆ. ಒಡಹುಟ್ಟಿದವರಲ್ಲಿ ಎರಡೂ ಕಂತೆ ಒಂದೇ ಆಗಿರುವ ಸಾಧ್ಯತೆ ಶೇ 25, ಒಂದು ಕಂತೆ ಮಾತ್ರ ಕೂಡುವ ಸಾಧ್ಯತೆ ಶೇ 50, ಒಂದೂ ಕೂಡದಿರುವ ಸಾಧ್ಯತೆ ಶೇ 25. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಈ ಪ್ರಶ್ನೆಯೇ ಇಲ್ಲ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದ್ದು ಇಂಥ ಅವಳಿ ಸಹೋದರರ ನಡುವೆಯೇ. ಅಣ್ಣತಮ್ಮಂದಿರ ದೇಹಗಳು ಒಂದನ್ನೊಂದು ಪರಕೀಯವೆಂದು ಕಾಣಲಿಲ್ಲ; ಕಿಡ್ನಿ ಪಡೆದವರು ಎಂಟು ವರ್ಷ ಬದುಕಿದರು.

ಬಸಿರು, ರಕ್ತ, ಪ್ರತಿಕಾಯ

ಎಚ್‌ಎಲ್‌ಎ ಪತ್ತೆಯಾದ ಕಥೆಯಲ್ಲೇ ಕಸಿಯ ದೊಡ್ಡ ತೊಡಕಿನ ಸುಳಿವೂ ಇದೆ. 1958ರಲ್ಲಿ ಫ್ರಾನ್ಸಿನ ಜೀನ್ ಡೋಸೆ, ಅನೇಕ ಸಲ ರಕ್ತ ಹಾಕಿಸಿಕೊಂಡವರ ಸೀರಮ್ಮು ಬೇರೆಯವರ ಬಿಳಿ ರಕ್ತಕಣಗಳನ್ನು ಮುದ್ದೆಗಟ್ಟಿಸುವುದನ್ನು ವರದಿ ಮಾಡಿದರು. ಅದೇ ವರ್ಷ ನೆದರ್ಲೆಂಡ್ಸಿನ ಯಾನ್ ವಾನ್ ರೂಡ್ ಮತ್ತು ಅಮೆರಿಕದ ರೋಸ್ ಪೇನ್ ಇಂಥದೇ ಪ್ರತಿಕಾಯಗಳನ್ನು ಮಕ್ಕಳನ್ನು ಹೆತ್ತ ಮಹಿಳೆಯರ ರಕ್ತದಲ್ಲಿ ಕಂಡರು. ಮಗು ತಂದೆಯಿಂದ ಪಡೆದ ಎಚ್‌ಎಲ್‌ಎ ತಾಯಿಗೆ ಹೊಸದು. ಅದನ್ನು ಆಕೆಯ ದೇಹ ನೆನಪಿಟ್ಟುಕೊಳ್ಳುತ್ತದೆ. ಡೋಸೆ ಅವರಿಗೆ 1980ರಲ್ಲಿ ನೊಬೆಲ್ ಬಂತು.

ಈ ನೆನಪು ಎಷ್ಟು ಅಪಾಯಕಾರಿ ಎಂಬುದನ್ನು 1969ರಲ್ಲಿ ಸಂಶೋಧಕರಾದ ಪಟೇಲ್ ಮತ್ತು ಪಾಲ್ ತೆರಾಸಾಕಿ ಲೆಕ್ಕ ಸಮೇತ ತೋರಿಸಿದರು. ರೋಗಿಯ ಸೀರಮ್ಮನ್ನು ದಾನಿಯ ಬಿಳಿ ರಕ್ತಕಣಗಳ ಜೊತೆ ಬೆರೆಸಿ, ಕಣಗಳು ಸಾಯುತ್ತವೆಯೇ ಎಂದು ನೋಡುವುದೇ ಕ್ರಾಸ್‌ಮ್ಯಾಚ್. ಅದು ಪಾಸಿಟಿವ್ ಬಂದಿದ್ದ 30 ಕಸಿಗಳಲ್ಲಿ 24 ಕೂಡಲೇ ವಿಫಲವಾಗಿದ್ದವು. ನೆಗೆಟಿವ್ ಬಂದಿದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ಅಂದಿನಿಂದ ಕ್ರಾಸ್‌ಮ್ಯಾಚ್ ಇಲ್ಲದೆ ಕಸಿ ಇಲ್ಲ ಎಂಬುದು ನಿಯಮವಾಯಿತು. ಈಗ ಒಂದೊಂದು ಎಚ್‌ಎಲ್‌ಎ ಅಂಟಿಸಿದ ಸೂಕ್ಷ್ಮ ಮಣಿಗಳನ್ನು ಬಳಸಿ, ಯಾವ ಗುರುತಿನ ವಿರುದ್ಧ ಎಷ್ಟು ಪ್ರತಿಕಾಯ ಇದೆ ಎಂದೂ ಅಳೆಯುತ್ತಾರೆ.

ಹಾಗಾದರೆ ಹೊಂದಾಣಿಕೆ ಕಡಿಮೆ ಇರುವ ಕಿಡ್ನಿ ಬೇಡವೇ ಬೇಡವೇ? ಹಾಗೇನಿಲ್ಲ. 1995ರಲ್ಲಿ ತೆರಾಸಾಕಿ ತಂಡ ಅಮೆರಿಕದ ಅಂಕಿಅಂಶ ಪ್ರಕಟಿಸಿತು. ಕಸಿಯಾದ ಮೂರು ವರ್ಷಗಳ ನಂತರವೂ ಕೆಲಸ ಮಾಡುತ್ತಿದ್ದ ಕಿಡ್ನಿಗಳ ಪ್ರಮಾಣ ಹೀಗಿತ್ತು: ಗಂಡ ಅಥವಾ ಹೆಂಡತಿ ಕೊಟ್ಟದ್ದು ಶೇ 85, ತಂದೆ ಅಥವಾ ತಾಯಿ ಕೊಟ್ಟದ್ದು ಶೇ 82, ಮೃತ ದಾನಿಗಳಿಂದ ಪಡೆದದ್ದು ಶೇ 70. ದಂಪತಿಗಳ ಎಚ್‌ಎಲ್‌ಎ ಸಾಮಾನ್ಯವಾಗಿ ಕೂಡುವುದಿಲ್ಲ. ಆದರೂ ಆರೋಗ್ಯವಂತ ದಾನಿಯ ಕಿಡ್ನಿ, ನಿರೋಧ ತಗ್ಗಿಸುವ ಔಷಧಿಗಳ ನೆರವಿನಿಂದ ಚೆನ್ನಾಗಿಯೇ ಬಾಳಿತು. ಪೂರ್ತಿ ಹೊಂದುವ ಒಡಹುಟ್ಟಿನ ಕಿಡ್ನಿ ಇಂದಿಗೂ ಎಲ್ಲಕ್ಕಿಂತ ಬಾಳಿಕೆಯದು, ನಿಜ. ಆದರೆ ಹೊಂದಾಣಿಕೆಯ ಕೊರತೆಯನ್ನು ಔಷಧಿ ಬಹುಮಟ್ಟಿಗೆ ತುಂಬಿಕೊಡುತ್ತದೆ. ಮೊದಲೇ ತಯಾರಾಗಿರುವ ಪ್ರತಿಕಾಯವನ್ನು ಅಷ್ಟು ಸುಲಭವಾಗಿ ಅಡಗಿಸಲಾಗದು.

ರೋಗಕ್ಕೂ ದಾರಿಯಾಗುವ ವಂಶವಾಹಿಗಳು

ಕಿಡ್ನಿ ಕೆಡಲು ಹೆಚ್ಚಿನವರಲ್ಲಿ ಕಾರಣ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಕೆಲವರಲ್ಲಿ ಮಾತ್ರ ರೋಗನಿರೋಧಕ ವ್ಯವಸ್ಥೆಯೇ ಕಿಡ್ನಿಯ ಮೇಲೆ ತಿರುಗಿ ಬೀಳುತ್ತದೆ. ಗುಡ್‌ಪಾಶ್ಚರ್ ಕಾಯಿಲೆಯಲ್ಲಿ ಕಿಡ್ನಿಯ ಸೋಸುಪೊರೆಯ ಕೊಲಾಜೆನ್ ಮೇಲೆ ದಾಳಿ ನಡೆಯುತ್ತದೆ. ಎಚ್‌ಎಲ್‌ಎ-ಡಿಆರ್15 ಇರುವವರಲ್ಲಿ ಇದರ ಸಂಭವ ಹೆಚ್ಚು. ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಗೂ ಎಚ್‌ಎಲ್‌ಎ-ಡಿಕ್ಯೂಗೂ ನಂಟಿದೆ ಎಂದು 2011ರಲ್ಲಿ ಯುರೋಪಿನ ಅಧ್ಯಯನ ಕಂಡುಕೊಂಡಿತು. ಇಂಥ ಗುರುತು ಇರುವ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ ಎಂಬುದೂ ಅಷ್ಟೇ ನಿಜ.

ಕಸಿಯ ಹೊತ್ತಿಗೆ ಈ ಹಿನ್ನೆಲೆ ಮುಖ್ಯವಾಗುತ್ತದೆ, ಏಕೆಂದರೆ ಹಳೆಯ ರೋಗ ಹೊಸ ಕಿಡ್ನಿಗೂ ಬರಬಹುದು. ಗುಡ್‌ಪಾಶ್ಚರ್ ರೋಗಿಗಳಲ್ಲಿ ರಕ್ತದಿಂದ ಆ ಪ್ರತಿಕಾಯ ಮಾಯವಾಗಿ ಸಾಮಾನ್ಯವಾಗಿ ಆರು ತಿಂಗಳಾಗುವವರೆಗೆ ಕಸಿಯನ್ನು ಮುಂದೂಡುತ್ತಾರೆ. ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳಿಗೆ ಕಡಿವಾಣ ಹಾಕುವ ‘ಫ್ಯಾಕ್ಟರ್ ಎಚ್’ ವಂಶವಾಹಿಯಲ್ಲಿ ದೋಷವಿದ್ದರೆ ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಫ್ಯಾಕ್ಟರ್ ಎಚ್ ಮುಖ್ಯವಾಗಿ ತಯಾರಾಗುವುದು ಪಿತ್ತಜನಕಾಂಗದಲ್ಲಿ. ಆದ್ದರಿಂದ ಕಿಡ್ನಿ ಬದಲಿಸಿದರೂ ದೋಷ ಒಳಗೇ ಉಳಿಯುತ್ತದೆ. ಇಂಥಲ್ಲಿ ಒಡಹುಟ್ಟಿದವರು ದಾನಿಯಾಗುವ ಮುನ್ನ ಅವರಲ್ಲೂ ಅದೇ ದೋಷವಿದೆಯೇ ಎಂದು ಪರೀಕ್ಷಿಸಲೇಬೇಕು.

22ನೆಯ ವರ್ಣತಂತುವಿನ ಎಪಿಒಎಲ್1 ವಂಶವಾಹಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಅದರ ಎರಡು ರೂಪಗಳು ಪಶ್ಚಿಮ ಆಫ್ರಿಕಾ ಮೂಲದ ಜನರಲ್ಲಿ ಹೆಚ್ಚು. ನಿದ್ರಾರೋಗ ತರುವ ಪರಾವಲಂಬಿ ಜೀವಿಯಿಂದ ಅವು ರಕ್ಷಣೆ ಕೊಡುತ್ತವೆ. ಆದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಿಡ್ನಿ ರೋಗದ ಅಪಾಯ ಏರುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಇಲ್ಲಿ ಕಸಿಯ ಬಾಳಿಕೆಯನ್ನು ಮುಖ್ಯವಾಗಿ ನಿರ್ಧರಿಸುವುದು ಕಿಡ್ನಿ ಕೊಟ್ಟವರ ವಂಶವಾಹಿ.

ಕಸಿಗೆ ಕಾಯುವವರು ಗಮನಿಸಬೇಕಾದ್ದು

ವಂಶವಾಹಿಗಳನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಹೊಸ ಪ್ರತಿಕಾಯಗಳು ಹುಟ್ಟದಂತೆ ನೋಡಿಕೊಳ್ಳುವುದು ಸ್ವಲ್ಪ ಮಟ್ಟಿಗೆ ಸಾಧ್ಯ. ಕಿಡ್ನಿ ಸೋತಾಗ ಎರಿಥ್ರೋಪೊಯೆಟಿನ್ ಹಾರ್ಮೋನು ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಆಗ ‘ಒಂದು ಬಾಟಲಿ ರಕ್ತ ಹಾಕಿಸಿಬಿಡೋಣ’ ಎಂಬ ಅವಸರ ಬೇಡ. ಕಬ್ಬಿಣಾಂಶ ಮತ್ತು ಎರಿಥ್ರೋಪೊಯೆಟಿನ್ ಚುಚ್ಚುಮದ್ದಿನಿಂದ ಆಗುವುದಾದರೆ ಅದೇ ಮೇಲು. ಪ್ರಾಣಕ್ಕೆ ಅಪಾಯವಿದ್ದಾಗ ರಕ್ತ ಬೇಡವೆನ್ನಬಾರದು. ಆದರೆ ಹಾಕಿಸಿಕೊಂಡದ್ದನ್ನು ಕಸಿ ಕೇಂದ್ರಕ್ಕೆ ತಿಳಿಸಬೇಕು. ಆಮೇಲೆ ಪ್ರತಿಕಾಯ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.

ಮಹಿಳೆಯರು ಗರ್ಭಪಾತವೂ ಸೇರಿದಂತೆ ಪ್ರತಿಯೊಂದು ಬಸಿರಿನ ವಿವರ ಹೇಳಲಿ. ಕಿಡ್ನಿ ಬಯಾಪ್ಸಿ ಆಗಿದ್ದರೆ ಆ ವರದಿಯನ್ನು ಜೋಪಾನವಾಗಿಡಿ. ಹಳೆಯ ರೋಗ ಮರುಕಳಿಸುವುದೇ ಎಂದು ಅಂದಾಜಿಸಲು ಅದು ಬೇಕು. ಮನೆಯ ದಾನಿಯ ಕಿಡ್ನಿ ಒಗ್ಗದಿದ್ದರೆ ಅಲ್ಲಿಗೇ ಕೈಚೆಲ್ಲಬೇಡಿ. ಇಂಥದೇ ಕಷ್ಟದಲ್ಲಿರುವ ಇನ್ನೊಂದು ಕುಟುಂಬದೊಡನೆ ದಾನಿಗಳನ್ನು ಅದಲು ಬದಲು ಮಾಡಿಕೊಳ್ಳಲು ನಮ್ಮ ದೇಶದ ಅಂಗಾಂಗ ಕಸಿ ಕಾನೂನಿನ 2011ರ ತಿದ್ದುಪಡಿ ಹತ್ತಿರದ ಸಂಬಂಧಿಗಳಿಗೆ ಅವಕಾಶ ಕೊಟ್ಟಿದೆ. ಮೃತ ದಾನಿಗಳ ಕಿಡ್ನಿಗಾಗಿ ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯ ಕಾಯುವ ಪಟ್ಟಿಗೆ ಆಸ್ಪತ್ರೆಯ ಮೂಲಕ ಹೆಸರು ಸೇರಿಸಬಹುದು. ಡಯಾಲಿಸಿಸ್ ಆರಂಭವಾಗಲಿ ಎಂದು ಕಾಯದೆ, ಕಿಡ್ನಿ ಕೈಕೊಡುವ ಸೂಚನೆ ಸಿಕ್ಕಾಗಲೇ ಕಸಿಯ ಬಗ್ಗೆ ವೈದ್ಯರನ್ನು ಕೇಳಿ.