ನಡುಮನೆಗೆ ಬಂದ ಪೆಟ್ಟಿಗೆ

‘ಮೊಬೈಲ್‌ನಲ್ಲಿ ಬರದೇ ಇರೋದು ಇದರಲ್ಲಿ ಏನೇ ಬರುತ್ತೆ?’

ಅಮ್ಮ ಕೇಳಿದ್ದು ಇಷ್ಟೇ. ಆದರೆ ಬಳೆ ಮಾಡಿಸಿಕೊಳ್ಳಲೆಂದು ಎರಡು ವರ್ಷದಿಂದ ಅವಳು ಕಟ್ಟಿದ್ದ ಚೀಟಿ ದುಡ್ಡಿನಲ್ಲಿ 40,000 ರೂಪಾಯಿ ಕೇಳುತ್ತಿದ್ದ ನನಗೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತಿದ್ದೆ. ನಮ್ಮ ತಿಪಟೂರಿನ ನಾಲ್ಕೈದು ಅಂಗಡಿಯವರು ಜಿಎಸ್‌ಟಿ ಲೆಕ್ಕ ಬರೆದುಕೊಡಲು ಒಪ್ಪಿದ್ದರು. ಡಿಪ್ಲೊಮಾ ಓದುವ ತಮ್ಮನಿಗೆ ಆಟೋಕ್ಯಾಡ್ ಬೇಕಿತ್ತು. ಇಬ್ಬರಿಗೂ ಸೇರಿ ಒಂದು ಡೆಸ್ಕ್‌ಟಾಪ್. ತಿಂಗಳಿಗೆ ಎರಡು ಸಾವಿರದಂತೆ ತೀರಿಸುತ್ತೇನೆ ಎಂದು ಅಮ್ಮನನ್ನು ಒಪ್ಪಿಸಿದೆ.

ಅಪ್ಪ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದಕ್ಕೆ ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಅಪ್ಪ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದವರು. ಪಕ್ಕದಲ್ಲೇ ಕಂಪ್ಯೂಟರ್, ಪ್ರಿಂಟರ್ ಇಟ್ಟ ಅಂಗಡಿ ಬಂತು. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಒಂದು ದಿನ ಅಪ್ಪ ಮೆಷಿನ್ನನ್ನು ಗುಜರಿಗೆ ಹಾಕಿ ಬಂದರು, ತೂಕದ ಲೆಕ್ಕದಲ್ಲಿ. ಈಗ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಅನ್ನ ಕಸಿದ ವಸ್ತುವನ್ನೇ ನಾನು ಮನೆಗೆ ತರಲು ಹೊರಟಿದ್ದೆ.

ಅದೇ ದುಡ್ಡಿಗೆ ಲ್ಯಾಪ್‌ಟಾಪ್ ಬರುತ್ತಿತ್ತಲ್ಲ ಎಂದು ಗೆಳತಿಯರು ಕೇಳಿದರು. ಬರುತ್ತಿತ್ತು, ಆದರೆ ಇಷ್ಟು ವೇಗದ್ದು ಸಿಗುತ್ತಿರಲಿಲ್ಲ. ಜೊತೆಗೆ ಡೆಸ್ಕ್‌ಟಾಪ್‌ನಲ್ಲಿ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ದುಡ್ಡು ಬಂದಂತೆ ಒಂದೊಂದನ್ನೇ ಸೇರಿಸುತ್ತಲೂ ಹೋಗಬಹುದು. ನಮ್ಮಂಥ ಮನೆಗೆ ಇದು ಸಣ್ಣ ಸಂಗತಿಯಲ್ಲ.

ತಮ್ಮನೂ ನಾನೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆವು. ಆರಿಸಿದ್ದು ಎಎಂಡಿ ರೈಜನ್ 5 5600ಜಿ ಪ್ರೊಸೆಸರ್. ಆರು ಕೋರ್. ಗ್ರಾಫಿಕ್ಸ್ ಅದರೊಳಗೇ ಇರುವುದರಿಂದ ಬೇರೆ ಕಾರ್ಡಿನ ಖರ್ಚು ಉಳಿಯಿತು. 512 ಜಿಬಿ ಎಸ್‌ಎಸ್‌ಡಿ, 22 ಇಂಚಿನ ಮಾನಿಟರ್, ಒಂದು ಯುಪಿಎಸ್. ಅಂಗಡಿಯವರು 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಹಾಕಲು ಹೊರಟಿದ್ದರು. ತಮ್ಮ ಬಿಡಲಿಲ್ಲ, ಎಂಟೆಂಟರ ಎರಡು ಹಾಕಿಸಿದ. ಇಂಥ ಪ್ರೊಸೆಸರ್‌ನ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಂಡು ಕೆಲಸ ಮಾಡುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಮಾಹಿತಿ ಓಡಾಡುತ್ತದೆ, ಚಿತ್ರ ಸರಾಗವಾಗಿ ಬರುತ್ತದೆ. ಎಲ್ಲ ಸೇರಿ 39,100 ರೂಪಾಯಿ. ಸಂಜೆಯ ರೈಲಿನಲ್ಲಿ ಕ್ಯಾಬಿನೆಟ್ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆವು.

ಮೊದಲ ದಿನವೇ ಪೆಟ್ಟಿಗೆ ಅಮ್ಮನಿಗೆ ಶಾಕ್ ಕೊಟ್ಟಿತು. ಒರೆಸಲು ಹೋಗಿ ಕ್ಯಾಬಿನೆಟ್‌ನ ತಗಡು ಮುಟ್ಟಿದ್ದೇ ತಡ, ಕೈ ಜುಮ್ಮೆಂದಿತು. ಅಪ್ಪನ ಮುಖದಲ್ಲಿ ‘ನಾನು ಹೇಳಲಿಲ್ಲವಾ’ ಎಂಬ ಕಳೆ. ಎಲೆಕ್ಟ್ರಿಷಿಯನ್ ಬಂದು ನೋಡಿ, ‘ಕಂಪ್ಯೂಟರ್‌ದು ತಪ್ಪಿಲ್ಲ, ನಿಮ್ಮ ಮನೆಗೆ ಅರ್ಥಿಂಗೇ ಇಲ್ಲ’ ಎಂದ. ನೆಲಕ್ಕೆ ಹರಿದುಹೋಗಬೇಕಾದ ಸಣ್ಣ ವಿದ್ಯುತ್ತು ದಾರಿ ಸಿಗದೆ ತಗಡಿನಲ್ಲೇ ಉಳಿಯುತ್ತಿತ್ತು. ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿ, ಕಂಬಿ ಹೂತಿದ್ದಾಯಿತು. ಆ ಖರ್ಚನ್ನು ಅಪ್ಪ ಮಾತಿಲ್ಲದೆ ಕೊಟ್ಟರು. ಇಷ್ಟು ವರ್ಷ ಅದೇ ಮನೆಯಲ್ಲಿ ಗ್ರೈಂಡರ್ ತಿರುಗಿಸಿದ್ದೇವೆ ಎಂದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಎಂಟು ತಿಂಗಳು ಬಳಸಿದ ಮೇಲೆ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಸ್ವಿಚ್ ಒತ್ತಿ ಹರಟೆ ಹೊಡೆದು ಬರುವಷ್ಟು ಹೊತ್ತಿತ್ತು. ಇಲ್ಲಿ ಕುರ್ಚಿ ಎಳೆದು ಕೂರುವುದರೊಳಗೆ ತೆರೆ ಸಿದ್ಧ. ಟ್ಯಾಲಿ, ಹತ್ತಾರು ಎಕ್ಸೆಲ್ ಹಾಳೆ, ತಮ್ಮನ ಡ್ರಾಯಿಂಗ್ ಒಟ್ಟಿಗೆ ತೆರೆದರೂ ಏದುಸಿರು ಬಿಡುವುದಿಲ್ಲ. ಆದರೆ ಮದರ್‌ಬೋರ್ಡಿನಲ್ಲಿ ವೈ–ಫೈ ಇಲ್ಲವೆಂದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಅದಕ್ಕೆ ಬೇರೆ ಡಾಂಗಲ್ ಕೊಳ್ಳಬೇಕಾಯಿತು. ಮಾನಿಟರ್‌ಗೆ ಸ್ಪೀಕರ್ ಇಲ್ಲ. ಕರೆಂಟ್ ಹೋದರೆ ಯುಪಿಎಸ್ ಕೊಡುವ ಹತ್ತು ನಿಮಿಷ ಮಾಡಿದ್ದನ್ನು ಸೇವ್ ಮಾಡಲು ಸಾಕು, ಕೆಲಸ ಮುಂದುವರಿಸಲು ಸಾಲದು. ಕೊಳ್ಳುವವರು ಇವನ್ನೆಲ್ಲ ಮೊದಲೇ ಕೇಳಿಕೊಳ್ಳಿ.

ಅಮ್ಮನ ಪ್ರಶ್ನೆಗೆ ಉತ್ತರ ಮಾತ್ರ ನಾನು ಹುಡುಕದ ಕಡೆಯಿಂದ ಬಂತು.

ಒಂದು ರಾತ್ರಿ ನೀರು ಕುಡಿಯಲೆಂದು ಎದ್ದರೆ ನಡುಮನೆಯಲ್ಲಿ ಬೆಳಕು. ಅಪ್ಪ ಕೀಬೋರ್ಡ್ ಮುಂದೆ ಕೂತಿದ್ದರು. ನನ್ನನ್ನು ನೋಡಿ ಕಳ್ಳ ಸಿಕ್ಕಿಬಿದ್ದಂತೆ, ‘ಸದ್ದೇ ಇಲ್ಲವಲ್ಲ ಇದಕ್ಕೆ, ಅಕ್ಷರ ಬಿತ್ತೋ ಇಲ್ಲವೋ ಹೆಂಗೆ ಗೊತ್ತಾಗುತ್ತೆ?’ ಎಂದರು. ಟೈಪ್‌ರೈಟರ್‌ನ ಕೀಲಿಗಳ ಜಾಗವೇ ಬೇರೆ. ಇಪ್ಪತ್ತೆರಡು ವರ್ಷ ಪಳಗಿದ ಬೆರಳುಗಳು ಹಳೆಯ ಜಾಗಕ್ಕೇ ಹೋಗುತ್ತಿದ್ದವು. ‘ನುಡಿ’ ತಂತ್ರಾಂಶ ತೆರೆದು ಪಕ್ಕದಲ್ಲಿ ಕೂತೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅದರದು. ಉಚ್ಚಾರಣೆಯಂತೆ ಒತ್ತುತ್ತಾ ಹೋದರೆ ಸಾಕು, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಒತ್ತಬೇಕು. ಎ, ಪಿ, ಎಫ್, ಪಿ. ತೆರೆಯ ಮೇಲೆ ‘ಅಪ್ಪ’ ಮೂಡಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಆಮೇಲೆ ತಾವೇ ಒಂದೊಂದೇ ಬೆರಳಿನಲ್ಲಿ ಬರೆದರು: ‘ಮಾನ್ಯ ತಹಶೀಲ್ದಾರರಲ್ಲಿ ವಿನಂತಿ’. ಒಂದು ಅಕ್ಷರ ತಪ್ಪಿತು. ಸುಮ್ಮನೆ ಕೈ ಹಿಂದಕ್ಕೆಳೆದುಕೊಂಡರು. ತಪ್ಪಾದರೆ ಬಿಳಿ ಬಣ್ಣ ಹಚ್ಚಬೇಕು, ಇಲ್ಲವೇ ಹೊಸ ಹಾಳೆ ಹಾಕಬೇಕು, ಗಿರಾಕಿಯ ಮುಂದೆ ಮುಖ ಸಣ್ಣದು ಮಾಡಿಕೊಳ್ಳಬೇಕು ಎಂಬ ಹಳೆಯ ಭಯ. ನಾನು ಬ್ಯಾಕ್‌ಸ್ಪೇಸ್ ತೋರಿಸಿದೆ. ಒತ್ತಿ ನೋಡಿ, ‘ಇಷ್ಟೇನಾ?’ ಎಂದರು. ಆ ಒಂದು ಮಾತಿನಲ್ಲಿ ಬೆರಗೂ ಇತ್ತು, ಸಂಕಟವೂ ಇತ್ತು. ನಾನು ಏನೂ ಹೇಳಲಿಲ್ಲ.

ಮೊಬೈಲು ಅವರವರದು, ಅವರವರ ಮೂಲೆಯಲ್ಲಿ. ನಡುಮನೆಯ ಪೆಟ್ಟಿಗೆ ಹಾಗಲ್ಲ. ಒಬ್ಬರು ಕೂತರೆ ಇನ್ನೊಬ್ಬರು ಬೆನ್ನ ಹಿಂದೆ ನಿಂತು ನೋಡುತ್ತಾರೆ, ಕೇಳುತ್ತಾರೆ, ಬೈಯುತ್ತಾರೆ, ಕಲಿಯುತ್ತಾರೆ. ಮೊಬೈಲ್‌ನಲ್ಲಿ ಬರದೇ ಇರುವುದು ಇದರಲ್ಲಿ ಬಂದದ್ದು ಹೀಗೆ.

ಅಮ್ಮನಿಗೆ ಇನ್ನೂ 24,000 ಬಾಕಿ ಇದೆ. ಬಳೆಯ ವಿಷಯ ಅವಳು ಎತ್ತುವುದಿಲ್ಲ, ನಾನು ಮರೆತಿಲ್ಲ. ಅಂದಹಾಗೆ, ಕೈಬರಹದಲ್ಲಿದ್ದ ಈ ಲೇಖನವನ್ನು ಟೈಪ್ ಮಾಡಿಕೊಟ್ಟವರು ಅಪ್ಪ. ಎರಡು ಕಡೆ ನನ್ನ ಕಾಗುಣಿತ ತಿದ್ದಿದ್ದಾರೆ. ಮುಗಿಸಿ ಎದ್ದವರು ಕೇಳಿದ್ದು ಒಂದೇ ಮಾತು:

‘ಪುಟಕ್ಕೆ ಎಷ್ಟು ಕೊಡ್ತೀಯವ್ವ?’